ಎಲೆಗೆ ಮನಸೋಲುವ ಮುನ್ನ ನೀರು ನೋಡಿ: ಮಾನ್‌ಸ್ಟೆರಾ, ಕ್ಯಾಲಥಿಯಾ, ಅಲೋಕೇಸಿಯಾಗಳಲ್ಲಿ ನಮ್ಮ ಮನೆಗೆ ಯಾವುದು?

ನೀರು ಕಾಯಿಸುವ ಹಂಡೆಯ ಒಳಮೈಯನ್ನು ಒಮ್ಮೆ ಬೆರಳಿನಿಂದ ಉಜ್ಜಿ ನೋಡಿ. ಶಿಡ್ಲಘಟ್ಟದ ನಮ್ಮ ಮನೆಯ ಹಂಡೆ ಒಳಗಿನಿಂದ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೆ, ಒರಟಾಗಿದೆ. ಹುಣಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ಎರಡು ತಿಂಗಳಲ್ಲಿ ಮತ್ತೆ ಪೊರೆ ಕಟ್ಟುತ್ತದೆ. ದೊಡ್ಡ ಎಲೆಯ, ಬಣ್ಣಬಣ್ಣದ ಗೆರೆಗಳ ಗಿಡವೊಂದನ್ನು ಮನೆಯೊಳಗೆ ತಂದಿಡಬೇಕೆಂಬ ಆಸೆ ನಿಮಗಿದ್ದರೆ, ನರ್ಸರಿಗೆ ಹೋಗುವ ಮೊದಲು ಈ ಹಂಡೆಯ ಹತ್ತಿರ ಹೋಗಿ. ಯಾವ ಗಿಡ ಉಳಿಯುತ್ತದೆ, ಯಾವುದು ಆರು ತಿಂಗಳಲ್ಲಿ ಒಣಗುತ್ತದೆ ಎಂಬ ಅರ್ಧ ಉತ್ತರ ಅಲ್ಲೇ ಇದೆ.

ಮೂರು ಕ್ಯಾಲಥಿಯಾ ಗಿಡಗಳನ್ನು ಕಳೆದುಕೊಂಡ ಮೇಲೆ ನನಗೆ ಇದು ತಿಳಿಯಿತು. ಮೊದಲನೆಯದು ಬಂದಾಗ ಅದರ ಎಲೆ ನವಿಲುಗರಿಯಂತಿತ್ತು: ತಿಳಿಹಸಿರಿನ ಮೇಲೆ ಕಡುಹಸಿರಿನ ಕುಂಚದ ಗೆರೆಗಳು, ಕೆಳಮೈ ನೇರಳೆ. ಹದಿನೈದು ದಿನಕ್ಕೆ ಎಲೆಯ ತುದಿ ಕಾಗದ ಸುಟ್ಟಂತೆ ಕಂದಾಯಿತು. ನೀರು ಸಾಲದೇನೋ ಎಂದು ಹೆಚ್ಚು ಹಾಕಿದೆ. ಕಂದು ಅಂಚು ಒಳಗೊಳಗೆ ಸರಿಯುತ್ತಾ ಬಂದು ಎಲೆಯ ಸುತ್ತ ಕರಿಯಂಚಿನ ಸೀರೆಯಂತೆ ನಿಂತಿತು. ಎರಡನೆಯದಕ್ಕೂ ಮೂರನೆಯದಕ್ಕೂ ಹೀಗೆಯೇ ಆಯಿತು. ಅದೇ ಕಿಟಕಿ, ಅದೇ ಮಣ್ಣು, ಅದೇ ಕೈ. ಆದರೆ ಪಕ್ಕದಲ್ಲಿದ್ದ ಮಾನ್‌ಸ್ಟೆರಾ ಮಾತ್ರ ತಿಂಗಳಿಗೊಂದು ಎಲೆ ಬಿಡುತ್ತಾ ಹೋಯಿತು. ವ್ಯತ್ಯಾಸ ಇದ್ದದ್ದು ನೀರನ್ನು ತಾಳಿಕೊಳ್ಳುವ ಶಕ್ತಿಯಲ್ಲಿ.

ನಮ್ಮ ನೀರಿನ ಕಥೆ

ನಂದಿ ಬೆಟ್ಟದ ಸುತ್ತ ನದಿಗಳು ಹುಟ್ಟುತ್ತವೆ ಎಂದು ಶಾಲೆಯಲ್ಲಿ ಓದುತ್ತೇವೆ. ಉತ್ತರ ಪಿನಾಕಿನಿಯೂ ದಕ್ಷಿಣ ಪಿನಾಕಿನಿಯೂ ಇಲ್ಲಿಯವೇ. ಆದರೆ ವರ್ಷವಿಡೀ ಹರಿಯುವ ನದಿ ಚಿಕ್ಕಬಳ್ಳಾಪುರದಲ್ಲೂ ಇಲ್ಲ, ಕೋಲಾರದಲ್ಲೂ ಇಲ್ಲ. ಹೀಗಾಗಿ ಕೊಳವೆಬಾವಿಯೇ ಗತಿ, ಅದೂ ಸಾವಿರ ಅಡಿ ದಾಟಿದವು. ಅಷ್ಟು ಆಳದ ಕಲ್ಲಿನ ಸಂದಿಗಳಲ್ಲಿ ಬಹುಕಾಲ ನಿಂತ ನೀರು ಸುಣ್ಣದ ಅಂಶವನ್ನೂ ಲವಣಗಳನ್ನೂ ಕರಗಿಸಿಕೊಂಡು ಬರುತ್ತದೆ. ಎಷ್ಟೋ ಊರುಗಳಲ್ಲಿ ಅದರೊಂದಿಗೆ ಫ್ಲೋರೈಡ್ ಕೂಡ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಈ ಮಿತಿ ಮನುಷ್ಯರ ಹಲ್ಲು ಮೂಳೆಗಳಿಗಾಗಿ ಇರುವುದು. ಕ್ಯಾಲಥಿಯಾದಂತಹ ಗಿಡ ಅದಕ್ಕಿಂತ ಕಡಿಮೆಗೂ ಮುನಿಸಿಕೊಳ್ಳಬಹುದು. ಬೇರು ಹೀರಿದ ನೀರು ಎಲೆಯಂಚಿನವರೆಗೆ ಹೋಗಿ ಆವಿಯಾಗುತ್ತದೆ, ಉಪ್ಪು ಮಾತ್ರ ಅಲ್ಲೇ ಉಳಿದು ಅಂಚನ್ನು ಸುಡುತ್ತದೆ. ಹಂಡೆಯಲ್ಲಿ ಆಗುವುದೇ ಎಲೆಯಲ್ಲೂ ಆಗುತ್ತದೆ.

ಕೆಲವು ನೂರು ರೂಪಾಯಿಗೆ ಸಿಗುವ, ಪೆನ್ನಿನಂತಹ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಸಾಧನ) ತೆಗೆದುಕೊಂಡು ನಾನು ಅಳೆದೆ. ನಮ್ಮ ಬೋರ್‌ವೆಲ್ ನೀರು ಲೀಟರಿಗೆ 1,100 ಮಿಲಿಗ್ರಾಂ ಆಸುಪಾಸು; ಬೀದಿ ಕೊನೆಯ ಶುದ್ಧ ಕುಡಿಯುವ ನೀರಿನ ಘಟಕದ್ದು 60; ಮಳೆನೀರು 20ಕ್ಕಿಂತ ಕಡಿಮೆ. ಈ ಮೀಟರ್ ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ, ಕರಗಿದ ಲವಣಗಳ ಒಟ್ಟು ಅಂದಾಜನ್ನಷ್ಟೇ ಕೊಡುತ್ತದೆ. ಗಿಡ ಆರಿಸಲು ಅಷ್ಟು ಸಾಕು.

ಇಲ್ಲಿ ಮೂರು ತಪ್ಪು ತಿಳಿವಳಿಕೆಗಳನ್ನು ಬಿಡಿಸಬೇಕು. ನೀರನ್ನು ರಾತ್ರಿಯಿಡೀ ಬಕೆಟ್ಟಿನಲ್ಲಿ ಇಟ್ಟರೆ ಸರಿಹೋಗುತ್ತದೆ ಎನ್ನುತ್ತಾರೆ. ನಲ್ಲಿ ನೀರಿನ ಕ್ಲೋರಿನ್ ಸ್ವಲ್ಪ ಹೋಗುತ್ತದೆ ನಿಜ, ಆದರೆ ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಕುದಿಸಿ ಆರಿಸಿದರೆ ಆಗಬಹುದೆಂದೂ ಹೇಳುತ್ತಾರೆ. ಕುದಿಸಿದರೆ ಸುಣ್ಣದ ಒಂದು ಪಾಲು ತಳಕ್ಕೆ ಕೂರುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದರ ಸಾಂದ್ರತೆ ಏರುತ್ತದೆ. ಮನೆಯ ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಪೋಲಾಗಬಾರದೆಂದು ಗಿಡಕ್ಕೆ ಹಾಕುವವರೂ ಇದ್ದಾರೆ. ಯಂತ್ರ ಬೇಡವೆಂದು ತೆಗೆದ ಉಪ್ಪೆಲ್ಲ ಇರುವುದು ಆ ನೀರಿನಲ್ಲಿಯೇ. ಅದು ನೆಲ ಒರೆಸಲು ಇರಲಿ.

ಮಾನ್‌ಸ್ಟೆರಾ: ಜಾಗ ಇದ್ದವರ ಗಿಡ

ದಕ್ಷಿಣ ಮೆಕ್ಸಿಕೋದಿಂದ ಪನಾಮಾವರೆಗಿನ ಕಾಡು ಇದರ ತವರು. ಅಲ್ಲಿ ಮರಗಳನ್ನು ತಬ್ಬಿಕೊಂಡು ಮೇಲೇರುತ್ತದೆ. ಎಲೆ ಮೊರದಗಲ, ಅಂಚಿನಿಂದ ನಡುನರದವರೆಗೆ ಸೀಳು, ನರದ ಪಕ್ಕದಲ್ಲಿ ತೂತು. ನಮ್ಮ ಗಡಸು ನೀರನ್ನು ಈ ಮೂರರಲ್ಲಿ ಅತಿ ಚೆನ್ನಾಗಿ ತಾಳಿಕೊಳ್ಳುವುದು ಇದೇ. ಎಲೆಯ ಮೇಲೆ ನೀರು ಬಿದ್ದರೆ ಬಿಳಿ ಕಲೆ ನಿಲ್ಲುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಆದರೂ ತಿಂಗಳಿಗೊಮ್ಮೆ ಕುಂಡದ ತಳದಿಂದ ಧಾರಾಳವಾಗಿ ಹರಿದು ಹೋಗುವಷ್ಟು ಒಳ್ಳೆಯ ನೀರು ಹಾಕಿ, ಮಣ್ಣಿನಲ್ಲಿ ಕೂಡಿದ ಉಪ್ಪನ್ನು ತೊಳೆಯಬೇಕು.

ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಅಲ್ಲಿಯವರೆಗೂ ಒಣಗಿದ್ದರೆ ಮಾತ್ರ ನೀರು. ಇದನ್ನು ಕೊಲ್ಲುವುದು ಬಾಯಾರಿಕೆಯಲ್ಲ, ಅತಿ ನೀರು.

ಎಲೆ ಸೀಳುತ್ತಿಲ್ಲ ಎಂದು ಕೊರಗುವವರು ಬಹಳ. ಎಳೆಯ ಗಿಡದ ಎಲೆ ಹೃದಯದಾಕಾರದಲ್ಲಿ ಇಡಿಯಾಗಿಯೇ ಇರುತ್ತದೆ. ಗಿಡ ಬಲಿತು, ಬೆಳಕು ಸಾಕಷ್ಟು ಸಿಕ್ಕು, ಏರಲು ಆಸರೆ ದೊರೆತ ಮೇಲೆ ಸೀಳು ಬರುತ್ತದೆ. ಇದನ್ನು ಕಣ್ಣಾರೆ ನೋಡಬೇಕೆಂದಿದ್ದರೆ ತೆಂಗಿನ ಮರಕ್ಕೆ ಹಬ್ಬಿದ ಮನಿ ಪ್ಲಾಂಟನ್ನು ನೋಡಿ. ಬಾಟಲಿಯಲ್ಲಿ ಅಂಗೈಯಗಲ ಎಲೆ ಬಿಡುವ ಅದೇ ಬಳ್ಳಿ ಮರವೇರಿದ ಮೇಲೆ ತೋಳುದ್ದದ, ಅಂಚು ಸೀಳಿದ ಎಲೆಗಳನ್ನು ಬಿಡುತ್ತದೆ. ಮಾನ್‌ಸ್ಟೆರಾಗೂ ನಾರು ಸುತ್ತಿದ ಕೋಲೊಂದನ್ನು ಆಸರೆ ಕೊಡಿ, ಕಾಂಡದಿಂದ ಇಳಿಯುವ ಗಾಳಿಬೇರುಗಳನ್ನು ಕತ್ತರಿಸದೆ ಅದಕ್ಕೆ ಹಬ್ಬಿಸಿ.

ಇದರ ಕುಂದು ಒಂದೇ, ಆದರೆ ಸಣ್ಣದಲ್ಲ. ನಾಲ್ಕು ವರ್ಷದಲ್ಲಿ ನಮ್ಮ ಗಿಡ ಪಡಸಾಲೆಯ ಒಂದು ಮೂಲೆಯನ್ನು ಪೂರ್ತಿ ಹಿಡಿದಿದೆ, ಅತ್ತೆಯವರ ಕುರ್ಚಿ ಎರಡು ಸಲ ಜಾಗ ಬದಲಿಸಿದೆ. ಬಾಡಿಗೆ ಮನೆಯ ಒಂದೇ ಕೋಣೆಯಲ್ಲಿ ಇರುವವರಿಗೆ ನಾನು ಇದನ್ನು ಹೇಳುವುದಿಲ್ಲ. ಅವರಿಗೆ ಇದರದೇ ಕುಲದ, ಸಣ್ಣ ಎಲೆಯ ತುಂಬ ತೂತುಗಳಿರುವ ಮಾನ್‌ಸ್ಟೆರಾ ಅಡಾನ್ಸೋನಿ ಮೇಲು. ತೂಗುಕುಂಡದಲ್ಲೂ ಬೆಳೆಯುತ್ತದೆ, ಆರೈಕೆಯೂ ಇದರಂತೆಯೇ. ಬಣ್ಣದ ಮಾನ್‌ಸ್ಟೆರಾ ಬೀಜವೆಂದು ಇಂಟರ್‌ನೆಟ್‌ನಲ್ಲಿ ಮಾರುವವರನ್ನು ನಂಬಿ ಹಣ ಕಳೆದುಕೊಳ್ಳಬೇಡಿ. ನೀಲಿ, ಗುಲಾಬಿ ಮಾನ್‌ಸ್ಟೆರಾ ಎಂಬುದೇ ಇಲ್ಲ. ಗೆಣ್ಣು ಇರುವ ಕಾಂಡದ ತುಂಡನ್ನು ಗೆಳತಿಯ ಮನೆಯಿಂದ ತಂದು ನೀರಿನಲ್ಲಿ ಇಟ್ಟರೆ ಬೇರು ಬರುತ್ತದೆ. ಗೆಣ್ಣಿಲ್ಲದ ಬರೀ ಎಲೆ ಎಷ್ಟು ದಿನ ಹಸಿರಾಗಿದ್ದರೂ ಗಿಡವಾಗುವುದಿಲ್ಲ.

ಕ್ಯಾಲಥಿಯಾ: ನೀರು ಹೊರುವ ಮನಸ್ಸಿದ್ದರೆ

ಅಂದಕ್ಕೆ ಮೂರರಲ್ಲಿ ಇದೇ ಮೊದಲು ಎಂದು ಮೂರು ಸಲ ಸೋತ ಮೇಲೂ ಹೇಳುತ್ತೇನೆ. ಸಂಜೆಯಾಗುತ್ತಲೇ ಇದರ ಎಲೆಗಳು ಮೇಲಕ್ಕೆದ್ದು ಕೈ ಮುಗಿದಂತೆ ನಿಲ್ಲುತ್ತವೆ, ಬೆಳಗಾದರೆ ಮತ್ತೆ ಹರಡಿಕೊಳ್ಳುತ್ತವೆ. ಎಲೆಯ ಬುಡದಲ್ಲಿರುವ ಉಬ್ಬಿದ ಗಂಟಿನ ಕೋಶಗಳು ನೀರು ತುಂಬಿಕೊಂಡು, ಬಿಟ್ಟುಕೊಟ್ಟು ಈ ಚಲನೆ ಮಾಡಿಸುತ್ತವೆ. ರಾತ್ರಿ ಹುಣಸೆ ಮರದ ಎಲೆ ಮುಚ್ಚಿಕೊಳ್ಳುವುದನ್ನು ಕಂಡವರಿಗೆ ಇದು ಹೊಸದೇನಲ್ಲ, ಆದರೆ ಮನೆಯೊಳಗೆ, ದೀಪ ಹಚ್ಚುವ ಹೊತ್ತಿಗೆ ಕಾಣುವುದು ಬೇರೆಯದೇ ಸಂತೋಷ. 2012ರಲ್ಲಿ ಸಸ್ಯವಿಜ್ಞಾನಿಗಳು ಈ ಗುಂಪಿನ ಬಹುಪಾಲು ಗಿಡಗಳನ್ನು ಗೊಯೆಪರ್ಟಿಯಾ ಎಂಬ ಕುಲಕ್ಕೆ ಸೇರಿಸಿದರು. ಚೀಟಿಯಲ್ಲಿ ಆ ಹೆಸರಿದ್ದರೆ ಬೇರೆ ಗಿಡವೆಂದು ಗಾಬರಿಯಾಗಬೇಡಿ. ನರ್ಸರಿಯವರು ಈಗಲೂ ಕ್ಯಾಲಥಿಯಾ ಎಂದೇ ಕರೆಯುತ್ತಾರೆ.

ನಾಲ್ಕನೆಯ ಗಿಡಕ್ಕೆ ಬೋರ್‌ವೆಲ್ ನೀರನ್ನು ಮುಟ್ಟಿಸಲೇ ಇಲ್ಲ. ಘಟಕದಿಂದ ತರುವ ಕ್ಯಾನಿನಲ್ಲಿ ವಾರಕ್ಕೆ ಒಂದೂವರೆ ಲೀಟರ್ ಅದರ ಪಾಲು. ಮಳೆಗಾಲದಲ್ಲಿ ತಾರಸಿಯ ನೀರನ್ನು ಡ್ರಮ್ಮಿಗೆ ಹಿಡಿದು, ಸೊಳ್ಳೆ ಬಾರದಂತೆ ಬಟ್ಟೆ ಕಟ್ಟಿ ಇಟ್ಟುಕೊಳ್ಳುತ್ತೇನೆ. ನಮ್ಮಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ತುಂಬಿದ ಒಂದು ಡ್ರಮ್ಮು ಒಂದೆರಡು ಗಿಡಗಳಿಗೆ ಬಹಳ ತಿಂಗಳು ಬರುತ್ತದೆ. ಹೊಸ ಎಲೆ ಅಂಚು ಕಂದದೆ ಪೂರ್ತಿ ಬಿಚ್ಚಿಕೊಂಡ ದಿನ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ. ಸುಟ್ಟ ಹಳೆಯ ಅಂಚು ಮತ್ತೆ ಹಸಿರಾಗುವುದಿಲ್ಲ, ಕತ್ತರಿಯಿಂದ ಎಲೆಯ ಆಕಾರದಲ್ಲೇ ಕತ್ತರಿಸಬಹುದು.

ಮನೆಯಲ್ಲಿ ಕುಡಿಯುವುದಕ್ಕೇ ನೀರು ಹೊತ್ತು ತರುವ ಪರಿಸ್ಥಿತಿ ಇದ್ದರೆ ಈ ಗಿಡ ಬೇಡ. ಬೇಸಿಗೆಯಲ್ಲಿ ಕ್ಯಾನಿಗಾಗಿ ಸಾಲು ನಿಂತ ಹೊತ್ತಿನಲ್ಲಿ ಗಿಡಕ್ಕೆಂದು ತೆಗೆದಿಡಲು ಮನಸ್ಸು ಒಪ್ಪುವುದಿಲ್ಲ, ಒಪ್ಪಲೂಬಾರದು. ನೀರಿನ ಅನುಕೂಲವಿದ್ದರೆ ಉದ್ದನೆಯ ಅಲೆಯಂಚಿನ ಎಲೆಯ ಲ್ಯಾನ್ಸಿಫೋಲಿಯಾದಿಂದ ಆರಂಭಿಸಿ. ಈ ಗುಂಪಿನಲ್ಲಿ ಸ್ವಲ್ಪ ಗಟ್ಟಿಗ ಅದೇ. ಬೆಳ್ಳಿಯ ಪಟ್ಟೆಗಳ ಆರ್ಬಿಫೋಲಿಯಾ, ಗುಲಾಬಿ ಗೆರೆಗಳ ಆರ್ನಾಟಾ ಆಮೇಲೆ ಇರಲಿ.

ಅಲೋಕೇಸಿಯಾ: ಚಳಿಗೆ ಮಲಗುವ ಗಿಡ

ನರ್ಸರಿಯಲ್ಲಿ ಅಮೆಜಾನಿಕಾ ಎಂದೋ ಪಾಲಿ ಎಂದೋ ಮಾರುವ ಗಿಡವನ್ನು ನೀವು ನೋಡಿರುತ್ತೀರಿ: ಕಪ್ಪೆನ್ನಬಹುದಾದ ಹಸಿರು, ಬಾಣದ ಮೊನೆಯಂತಹ ಎಲೆ, ಸುಣ್ಣದಲ್ಲಿ ಬರೆದಂತಹ ಬಿಳಿ ನರಗಳು. ಇದಕ್ಕೂ ಅಮೆಜಾನ್ ಕಾಡಿಗೂ ಸಂಬಂಧವಿಲ್ಲ. ಕಳೆದ ಶತಮಾನದ ನಡುವಿನಲ್ಲಿ ಅಮೆರಿಕದ ಮಯಾಮಿಯಲ್ಲಿ ಬೆರಕೆ ಮಾಡಿ ಬೆಳೆಸಿದ ತಳಿ ಇದು, ಹೆಸರು ಬಂದದ್ದು ಅಲ್ಲಿನ ನರ್ಸರಿಯ ಹೆಸರಿನಿಂದ. ಮೂಲದ ಕಾಡುಗಿಡಗಳು ಆಗ್ನೇಯ ಏಷ್ಯಾದವು. ನಮ್ಮ ಕೆಸುವಿನ ಹತ್ತಿರದ ನೆಂಟ. ಕೆಸುವಿನ ಗೆಡ್ಡೆ ಹೂತಿಟ್ಟು ಬೆಳೆಸಿ ಗೊತ್ತಿದ್ದವರಿಗೆ ಇದರ ಸ್ವಭಾವ ಬೇಗ ಅರ್ಥವಾಗುತ್ತದೆ.

ನೀರಿನ ವಿಚಾರದಲ್ಲಿ ಇದು ನಡುವಿನದು. ಮಾನ್‌ಸ್ಟೆರಾದಷ್ಟು ಒರಟಲ್ಲ, ಕ್ಯಾಲಥಿಯಾದಷ್ಟು ನಾಜೂಕೂ ಅಲ್ಲ. ಅರ್ಧ ಬೋರ್‌ವೆಲ್, ಅರ್ಧ ಘಟಕದ ನೀರು ಬೆರೆಸಿ ಹಾಕುತ್ತೇನೆ, ಚೆನ್ನಾಗಿದೆ. ಇದಕ್ಕೆ ನಿಜವಾದ ಪರೀಕ್ಷೆ ನಮ್ಮ ಚಳಿ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಇಲ್ಲಿ ಉಷ್ಣಾಂಶ 15 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಮಾನ್‌ಸ್ಟೆರಾ ಆಗ ಬೆಳವಣಿಗೆ ನಿಲ್ಲಿಸಿ ಸುಮ್ಮನಿರುತ್ತದೆ. ಅಲೋಕೇಸಿಯಾ ಒಂದೊಂದೇ ಎಲೆ ಹಳದಿ ಮಾಡಿಕೊಂಡು ಉದುರಿಸುತ್ತದೆ. ಕೆಲವು ಸಲ ಕುಂಡದಲ್ಲಿ ಒಂದು ಎಲೆಯೂ ಉಳಿಯುವುದಿಲ್ಲ. ಸತ್ತಿತೆಂದು ಬಗೆದು ನೀರು ಸುರಿಯುವವರೂ ಇದ್ದಾರೆ, ಕುಂಡವನ್ನು ತಿಪ್ಪೆಗೆ ಸುರಿಯುವವರೂ ಇದ್ದಾರೆ. ಎರಡೂ ಬೇಡ. ಮಣ್ಣನ್ನು ಬೆರಳಿನಿಂದ ಸರಿಸಿ ಗೆಡ್ಡೆಯನ್ನು ಒತ್ತಿ ನೋಡಿ. ಕಲ್ಲಿನಂತೆ ಗಟ್ಟಿಯಾಗಿದ್ದರೆ ಜೀವ ಇದೆ, ಮೆತ್ತಗಾಗಿ ವಾಸನೆ ಬಂದರೆ ಕೊಳೆತಿದೆ. ಗಟ್ಟಿಯಿದ್ದರೆ ಹದಿನೈದು ದಿನಕ್ಕೊಮ್ಮೆ ಒಂದು ಲೋಟ ನೀರಷ್ಟೇ ಕೊಟ್ಟು, ಅಡುಗೆಮನೆಯ ಬೆಚ್ಚನೆಯ ಮೂಲೆಯಲ್ಲಿ ಇಡಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುತ್ತಾರಲ್ಲ, ನಮ್ಮ ಗಿಡ ಹೋದ ವರ್ಷ ಆ ವಾರವೇ ಸೂಜಿಯಂತಹ ಮೊಳಕೆ ತೋರಿಸಿತು.

ಚಳಿಯಿಲ್ಲದ ತಿಂಗಳಲ್ಲೂ ಒಂದು ಹೊಸ ಎಲೆ ಬಂದಾಗ ಹಳೆಯದೊಂದು ಹಳದಿಯಾಗುವುದು ಇದರ ರೀತಿ. ಬೆಳಿಗ್ಗೆ ಎಲೆತುದಿಯಲ್ಲಿ ನೀರಿನ ಹನಿ ನೇತಾಡುತ್ತಿದ್ದರೆ ಅದೂ ರೋಗವಲ್ಲ. ಬೇರು ಹೀರಿದ ಹೆಚ್ಚಿನ ನೀರನ್ನು ಗಿಡ ಹೊರಹಾಕುತ್ತಿದೆ ಎಂದರ್ಥ. ಕುಂಡ ಬದಲಿಸುವಾಗ ಬೇರಿನ ನಡುವೆ ಬಟಾಣಿಯಷ್ಟಿರುವ ಗೆಡ್ಡೆಗಳು ಸಿಗುತ್ತವೆ. ಒದ್ದೆ ತೆಂಗಿನ ನಾರಿನ ಪುಡಿಯ ಮೇಲಿಟ್ಟು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇರಿಸಿದರೆ ಒಂದೆರಡು ತಿಂಗಳಲ್ಲಿ ಮೊಳೆಯುತ್ತವೆ.

ಹುಳುಮನೆಯಿಂದ ಕಲಿತದ್ದು

ಈ ಮೂರೂ ಗಿಡಗಳಿಗೆ ಒದ್ದೆ ಗಾಳಿ ಇಷ್ಟ. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನ ನಮ್ಮ ಪಡಸಾಲೆಯ ಗಾಳಿಯ ತೇವಾಂಶ ಶೇಕಡಾ 40ಕ್ಕಿಂತ ಕೆಳಗಿರುತ್ತದೆ. ಎಲೆಗೆ ನೀರು ಚಿಮುಕಿಸಿ ಎಂದು ಎಲ್ಲರೂ ಹೇಳುತ್ತಾರೆ. ಚಿಮುಕಿಸಿದ ನೀರು ಕಾಲುಗಂಟೆಯಲ್ಲಿ ಆರುತ್ತದೆ, ಗಡಸು ನೀರಾದರೆ ಎಲೆಯ ಮೇಲೆ ಬಿಳಿ ಚುಕ್ಕೆ ಉಳಿಯುತ್ತದೆ. ಗಾಳಿಯ ತೇವವನ್ನು ಹಿಡಿದಿಡುವುದು ಹೇಗೆಂದು ತಿಳಿಯಲು ಈ ಸೀಮೆಯವರು ದೂರ ಹೋಗಬೇಕಾಗಿಲ್ಲ. ರೇಷ್ಮೆ ಸಾಕಿದ ಯಾರನ್ನು ಕೇಳಿದರೂ ಸಾಕು. ಚಾಕಿ ಹುಳುವಿಗೆ, ಅಂದರೆ ಎಳೆಯ ರೇಷ್ಮೆ ಹುಳುವಿಗೆ, 27 ಡಿಗ್ರಿಯ ಆಸುಪಾಸಿನ ಶಾಖ, ಶೇಕಡಾ 85ರ ಮೇಲೆ ತೇವ ಬೇಕು. ನಾಲ್ಕನೇ ಜ್ವರ (ಹುಳು ಪೊರೆ ಕಳಚುವುದು) ಎದ್ದ ಮೇಲೆ ಶೇಕಡಾ 70ರಷ್ಟು ಸಾಕು. ಗಾಳಿ ಒಣಗಿದ ದಿನ ನಮ್ಮ ಅತ್ತೆ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುತ್ತಾರೆ, ನೆಲಕ್ಕೆ ನೀರು ಹಾಕುತ್ತಾರೆ. ನಾನು ಅದನ್ನೇ ಸಣ್ಣದಾಗಿ ಮಾಡಿದೆ. ಗಿಡಗಳನ್ನು ಒಂದೇ ಮೂಲೆಯಲ್ಲಿ ಒತ್ತೊತ್ತಾಗಿ ಇಟ್ಟೆ, ಹಿಂದೆ ಒದ್ದೆ ಗೋಣಿಯ ತುಂಡು ಹರವಿದೆ, ಫ್ಯಾನಿನ ನೇರ ಗಾಳಿ ತಪ್ಪಿಸಿದೆ. ಆ ಮೂಲೆಯಲ್ಲಿ ಗಾಳಿಯ ತೇವ ಅಳೆಯುವ ಮೀಟರ್ ಶೇಕಡಾ 60 ತೋರಿಸಿತು.

ರೇಷ್ಮೆ ಸಾಕುವ ಮನೆಯವರಿಗೆ ಇನ್ನೊಂದು ಮಾತು, ದಯವಿಟ್ಟು ಗಮನವಿಟ್ಟು ಓದಿ. ಬೇಸಿಗೆಯಲ್ಲಿ ಅಲೋಕೇಸಿಯಾ, ಕ್ಯಾಲಥಿಯಾಗಳಿಗೆ ನುಸಿ ಹತ್ತುತ್ತದೆ. ಎಲೆಯ ಮೇಲೆ ಸಾಸಿವೆಗಿಂತ ಸಣ್ಣ ಹಳದಿ ಚುಕ್ಕೆಗಳು, ಅಡಿಯಲ್ಲಿ ತೆಳ್ಳನೆಯ ಬಲೆ. ಬೇವಿನ ಎಣ್ಣೆ ಹೊಡೆಯಿರಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಬೇವು ರೇಷ್ಮೆ ಹುಳುವಿಗೂ ವಿಷವೇ, ಬೇರೆ ಕೀಟನಾಶಕಗಳ ಮಾತು ಹೇಳುವಂತೆಯೇ ಇಲ್ಲ. ಅದನ್ನು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಿದರೆ ಒಂದು ಬೆಳೆಯೇ ಹೋಗಬಹುದು. ಅಂಥ ಮನೆಯಲ್ಲಿ ನುಸಿಗೆ ನೀರೇ ಔಷಧ. ಗಿಡವನ್ನು ಬಚ್ಚಲಿಗೆ ಒಯ್ದು, ಎಲೆಯ ಅಡಿಭಾಗವನ್ನು ಒಂದೊಂದಾಗಿ ತೊಳೆದು ಬಟ್ಟೆಯಿಂದ ಒರೆಸಿ. ನಾಲ್ಕು ದಿನಕ್ಕೊಮ್ಮೆ, ಮೂರು ವಾರ ಬಿಡದೆ ಮಾಡಿ. ನುಸಿಗೆ ಬೇಗ ಸಿಗದ ಮಾನ್‌ಸ್ಟೆರಾವನ್ನೇ ರೇಷ್ಮೆ ಮನೆಯವರು ಆರಿಸುವುದು ಒಳಿತು.

ಮಗು, ನಾಯಿ, ಬೆಕ್ಕು ಇದ್ದಲ್ಲಿ

ಮಾನ್‌ಸ್ಟೆರಾ, ಅಲೋಕೇಸಿಯಾ ಎರಡೂ ಕೆಸುವಿನ ಕುಟುಂಬದವು. ಕೆಸು ಬೇಯುವುದು ಸಾಲದಿದ್ದರೆ ಗಂಟಲು ಕೆರೆಯುವುದೇಕೋ ಅದೇ ಕಾರಣಕ್ಕೆ, ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳಿಂದ, ಇವನ್ನು ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಅಂಬೆಗಾಲಿಡುವ ಮಗುವಿದ್ದರೆ ಕೈಗೆಟುಕದಂತೆ ಇಡಬೇಕು, ಕತ್ತರಿಸಿದ ಮೇಲೆ ಕೈ ತೊಳೆಯಬೇಕು. ಕ್ಯಾಲಥಿಯಾದಲ್ಲಿ ಈ ಅಪಾಯವಿಲ್ಲ. ನೀರಿನ ಅನುಕೂಲವೂ ಇದ್ದು ಮನೆಯಲ್ಲಿ ಚಿಕ್ಕ ಮಗುವೂ ಇದ್ದರೆ ಅದನ್ನೇ ತನ್ನಿ.

ಬೆಳಕಿನ ವಿಚಾರದಲ್ಲಿ ಮೂರಕ್ಕೂ ಪೂರ್ವದ ಕಿಟಕಿ ಒಳ್ಳೆಯದು. ಕಿಟಕಿಯಿಂದ ಹೆಚ್ಚು ದೂರ ತಾಳುವುದು ಕ್ಯಾಲಥಿಯಾ, ಹತ್ತಿರ ಬೇಕಾದದ್ದು ಅಲೋಕೇಸಿಯಾ. ಪಶ್ಚಿಮದ ಬಿಸಿಲು ನೇರ ಬಿದ್ದರೆ ಮೂರೂ ಸುಡುತ್ತವೆ.

ಈ ಮೂರೂ ಹೊಂದಲಿಲ್ಲ, ನೀರಂತೂ ಸುಣ್ಣದ್ದೇ ಎನ್ನುವವರು ಆಂಥೂರಿಯಂ ಕ್ಲಾರಿನರ್ವಿಯಂ ಎಂಬ ಗಿಡವನ್ನು ಹುಡುಕಿ. ಮಖಮಲ್ಲಿನಂತಹ ಹೃದಯದಾಕಾರದ ಎಲೆ, ಬೆಳ್ಳಿಯ ನರಗಳು. ಮೆಕ್ಸಿಕೋದ ಸುಣ್ಣಕಲ್ಲಿನ ಬಂಡೆಗಳ ನಡುವೆ ಹುಟ್ಟುವ ಗಿಡವಾದ್ದರಿಂದ ಸುಣ್ಣ ಅದಕ್ಕೆ ಪರಿಚಿತ. ಹಾಗೆಂದು ಉಪ್ಪುನೀರು ತಾಳುತ್ತದೆಂದಲ್ಲ. ಬೆಲೆಯೂ ಹೆಚ್ಚು, ಬೆಳೆಯುವುದೂ ನಿಧಾನ.

ತರುವ ಕಾಲ

ಜೂನ್ ಕೊನೆ, ಜುಲೈ ಒಳ್ಳೆಯ ಸಮಯ. ಗಾಳಿಯಲ್ಲಿ ತೇವವಿರುತ್ತದೆ, ಚಳಿಗೆ ಮುನ್ನ ಬೇರೂರಲು ನಾಲ್ಕೈದು ತಿಂಗಳು ಸಿಗುತ್ತವೆ. ಹೆದ್ದಾರಿ ಬದಿಯ ನರ್ಸರಿಯ ಹಸಿರು ಬಲೆಯ ಕೆಳಗೆ, ತುಂತುರು ನೀರಿನ ನಡುವೆ ಬೆಳೆದ ಗಿಡ ಮನೆಯ ಒಣಗಾಳಿಗೆ ಬಂದಾಗ ಒಂದೆರಡು ಎಲೆ ಬಿಡುವುದು ಸಹಜ. ಕೊಳ್ಳುವ ಮುನ್ನ ಎಲೆಯನ್ನು ತಿರುವಿ ಅಡಿಭಾಗ ನೋಡಿ. ಹೂವಿನಂತೆ ಅರಳಿದ ದೊಡ್ಡ ಗಿಡಕ್ಕಿಂತ, ಸುರುಳಿ ಬಿಚ್ಚದ ಎಳೆ ಎಲೆಯೊಂದಿರುವ ಚಿಕ್ಕ ಗಿಡ ಬೇಗ ಹೊಂದಿಕೊಳ್ಳುತ್ತದೆ. ತಂದ ದಿನವೇ ಕುಂಡ ಬದಲಿಸಬೇಡಿ, ಉಳಿದ ಗಿಡಗಳಿಂದ ಎರಡು ವಾರ ದೂರವಿಡಿ. ಆಮೇಲೆ ಎರಡು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಇಟ್ಟಿಗೆ ಚೂರು ಮತ್ತು ಇದ್ದಿಲು ಬೆರೆಸಿ ನೆಡಿ. ಬರೀ ಕೆಮ್ಮಣ್ಣು ಕುಂಡದಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ನಾರಿನ ಪುಡಿಯಲ್ಲೂ ಉಪ್ಪಿರುತ್ತದೆ. ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ನೀರು ಚಹಾ ಬಣ್ಣ ಬಿಟ್ಟು ತಿಳಿಯಾಗುವವರೆಗೆ ಮೂರು ಸಲ ತೊಳೆಯಿರಿ. ಕೊನೆಯ ಸಲ ಮಳೆನೀರಿನಲ್ಲಿ.